ಒಂದು ಕೋಣೆ, ಎಷ್ಟು ಮಕ್ಕಳು?

ಭಟ್ಕಳದ ಮಾವಿನಕುರ್ವೆ ಬಂದರು. ಇಲ್ಲಿಂದ ಹೊನ್ನಾವರ, ಕುಮಟಾವರೆಗೆ ಕಡಲಂಚಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಮಾತು ಕೊಂಕಣಿ, ಇಲ್ಲವೇ ನವಾಯತಿ. ಕನ್ನಡ ಶಾಲೆಗೆ ಸೇರಿದ ದಿನದಿಂದ ಪಾಠ, ಹಾಡು, ಗದರಿಕೆ, ಎಲ್ಲವೂ ಕನ್ನಡ.

1965ರಲ್ಲಿ ಕೆನಡಾದ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚ್‌ನಲ್ಲೇ ಪಾಠ ಶುರು ಮಾಡಿದರು. ಅದು ಲೋಕಪ್ರಸಿದ್ಧವಾಯಿತು. ನಮ್ಮ ಕರಾವಳಿಯಲ್ಲಿ ಅಂಥದ್ದು ಸದ್ದಿಲ್ಲದೆ ನಡೀತಾನೇ ಇದೆ.

ಇಂಥ ಮಗುವಿಗೆ ಟೀಚರ್ ಎಷ್ಟು ಸಿಗ್ತಾರೆ? ಶಿಕ್ಷಣ ಹಕ್ಕು ಕಾಯ್ದೆ, 2009. ಐದನೇ ತರಗತಿವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು. ಕೇಳೋಕೆ ಚೆನ್ನಾಗಿದೆ. ಆದರೆ ಇದು ಇಡೀ ಶಾಲೆಯ ಲೆಕ್ಕ ಮಾರಾಯ್ರೇ! 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು, ತರಗತಿ ಮಾತ್ರ ಐದು.

40 ನಿಮಿಷದ ಪಿರಿಯಡ್, 30 ಮಕ್ಕಳು. ಒಬ್ಬೊಬ್ಬರನ್ನೂ ಮಾತಾಡಿಸಿದರೆ ತಲಾ 1 ನಿಮಿಷ 20 ಸೆಕೆಂಡು. ಅದೂ ಟೀಚರ್ ಹಾಜರಿ ಕರೆಯದೇ ಇದ್ದರೆ! ಹೊಸ ಭಾಷೆ ಬರೀ ಕೇಳಿದರೆ ಅರ್ಥವಾಗುತ್ತೆ. ಬಾಯಿಗೆ ಬರಬೇಕಾದರೆ ಆಡಬೇಕು.

ಹೀಗೆ ಆಡೋ ಅವಕಾಶ ಹೆಚ್ಚಿಸೋ ದಾರಿ ಬೇಕಾದರೆ ನಲಿಕಲಿ ಪದ್ಧತಿಯ ಕೋಣೆ ನೋಡಿ. ಒಂದರಿಂದ ಮೂರನೇ ತರಗತಿವರೆಗಿನವರು ಒಟ್ಟಿಗೆ, ನೆಲದ ಮೇಲೆ ಐದು ಗುಂಪು. ಇವಕ್ಕೆ ತಟ್ಟೆ ಅಂತಾರೆ. ಮೊದಲ ತಟ್ಟೆಯವರಿಗೆ ಟೀಚರ್ ಪೂರ್ತಿ ಜೊತೆಗಿರ್ತಾರೆ. ಇನ್ನೊಂದರಲ್ಲಿ ಗೆಳೆಯರೇ ಗುರುಗಳು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ಈ ಪದ್ಧತಿ ಮನೆಯಲ್ಲಿ ಕನ್ನಡ ಇಲ್ಲದ ಮಗುವಿಗೆ ದೊಡ್ಡ ಆಸರೆ ಅಂತ ನನಗನಿಸುತ್ತೆ.

ಹಾಗಂತ ಎಂಟೇ ಮಕ್ಕಳಿದ್ದರೆ ಸ್ವರ್ಗವೂ ಅಲ್ಲ. ಎಂಟೂ ಮಕ್ಕಳದು ಕೊಂಕಣಿಯೇ ಆದರೆ ಆಟದಲ್ಲೂ ಜಗಳದಲ್ಲೂ ಕೊಂಕಣಿಯೇ. ಆಗ ಕನ್ನಡ ಆಡೋಕೆ ಉಳಿಯೋದು ಟೀಚರ್ ಒಬ್ಬರೇ.