ಕರೆಂಟ್ ಸೈಕಲ್ಲು, ಅದರ ಹಿಂದೊಂದು ಗಾಡಿ



ನಮ್ಮೂರಲ್ಲಿ ಒಂದು ಮನೆ ನಡೆಯಬೇಕಾದರೆ ವಾರಕ್ಕೆ ಎಷ್ಟು ಭಾರ ಹೊರಬೇಕು ಅಂತ ಯಾವತ್ತಾದರೂ ಲೆಕ್ಕ ಹಾಕಿದ್ದೀರಾ? ನ್ಯಾಯಬೆಲೆ ಅಂಗಡಿಯ ಅಕ್ಕಿ ಚೀಲ, ಗಂಟಿಗಳಿಗೆ ಹಿಂಡಿ, ಗಿರಣಿಗೆ ಭತ್ತ, ಅಲ್ಲಿಂದ ವಾಪಸ್ ಅಕ್ಕಿ ಮತ್ತು ತೌಡು, ಹಬ್ಬ ಬಂದರೆ ಬೆಲ್ಲ, ಎಣ್ಣೆ, ತೆಂಗಿನಕಾಯಿ. ಗ್ಯಾಸ್ ಸಿಲಿಂಡರ್ ಅಂತೂ ಕೇಳೋದೇ ಬೇಡ. ಒಳಗಿನ ಗ್ಯಾಸೇ 14.2 ಕಿಲೋ, ಕಬ್ಬಿಣದ ತೂಕ ಸೇರಿದರೆ 30 ಕಿಲೋದ ಹತ್ತಿರ. ಮೀನು ಮಾರುವ ಅಮ್ಮಂದಿರ ಬುಟ್ಟಿ ಬೇರೆ.

ಮನೆಯಲ್ಲಿ ಬೈಕ್ ಇದ್ದರೂ ಅದು ಬೆಳಿಗ್ಗೆಯೇ ಅಪ್ಪನ ಜೊತೆ, ಅಣ್ಣನ ಜೊತೆ ಕೆಲಸಕ್ಕೆ ಹೋಗಿಬಿಡುತ್ತದೆ. ಉಳಿದದ್ದು ಎರಡೇ ದಾರಿ. ರಿಕ್ಷಾಕ್ಕೆ ದುಡ್ಡು ಕೊಡಬೇಕು, ಇಲ್ಲವೇ ತಲೆಯ ಮೇಲೆ ಹೊರಬೇಕು. ದುಡ್ಡು ಉಳಿಸಲು ಹೋಗಿ ಮೊಣಕಾಲು, ಕುತ್ತಿಗೆ ಕಳೆದುಕೊಂಡ ಅಜ್ಜಿಯಂದಿರು ನಮ್ಮ ಕೇರಿಗಳಲ್ಲಿ ಕಡಿಮೆ ಇಲ್ಲ. ಆದ್ದರಿಂದ ಮೂರನೇ ದಾರಿಯೊಂದರ ಬಗ್ಗೆ ಈ ಸಲ ಬರೆಯುತ್ತಿದ್ದೇನೆ. ಅದೇ ಕರೆಂಟ್ ಸೈಕಲ್ಲು ಮತ್ತು ಅದರ ಹಿಂದೆ ಕಟ್ಟುವ ಎರಡು ಗಾಲಿಯ ಟ್ರೇಲರ್.

ಇದು ಹೊಸದಾ?

ಅಲ್ಲ. ಗಾಲಿಯ ನಡುವೆಯೇ ಮೋಟರ್ ಇರುವ ಬ್ಯಾಟರಿ ಸೈಕಲ್ಲಿಗೆ ಅಮೆರಿಕದಲ್ಲಿ ಆಗ್ಡನ್ ಬೋಲ್ಟನ್ ಎಂಬವರು 1895ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಆಗಿನ ಬ್ಯಾಟರಿ ಕಲ್ಲಿನಂತೆ ಭಾರ. 1991ರಲ್ಲಿ ಜಪಾನಿನ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 1993ರಲ್ಲಿ ಅಲ್ಲಿನದೇ ಯಮಾಹಾ ಕಂಪನಿ ಪೆಡಲ್ ತುಳಿದಾಗ ಮೋಟರ್ ಸಹಾಯ ಮಾಡುವ ಸೈಕಲ್ ಮಾರತೊಡಗಿತು. ಲಿಥಿಯಂ ಬ್ಯಾಟರಿ ಬೆಳೆಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು.

ನಮ್ಮ ರಾಜ್ಯದಲ್ಲೂ ಉದಾಹರಣೆ ಇದೆ. 2017ರಲ್ಲಿ ಬೆಂಗಳೂರಲ್ಲಿ ಶುರುವಾದ ಯುಲು ಕಂಪನಿಯ ಸಣ್ಣ ಕರೆಂಟ್ ಗಾಡಿಗಳಲ್ಲಿ ಮನೆಮನೆಗೆ ಸಾಮಾನು ಮುಟ್ಟಿಸುವವರು ಹೊಟ್ಟೆ ಹೊರೆಯುತ್ತಿದ್ದಾರೆ. ಪಟ್ಟಣದಲ್ಲಿ ಆಗುವುದು ಹಳ್ಳಿಯಲ್ಲಿ ಯಾಕಾಗಬಾರದು? ಆಗುತ್ತದೋ ಇಲ್ಲವೋ, ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕ ಹಿಡಿದುಕೊಂಡೇ ನೋಡೋಣ.

ಎಳೆಯುವ ಲೆಕ್ಕ

ಸವಾರ 60 ಕಿಲೋ, ಸೈಕಲ್ಲು 25, ಟ್ರೇಲರ್ 15, ಸಾಮಾನು 50. ಒಟ್ಟು 150 ಕಿಲೋ. ಗುರುತ್ವದ ಲೆಕ್ಕಕ್ಕೆ 10 ಅಂತ ಹಿಡಿದರೆ ತೂಕ 1500 ನ್ಯೂಟನ್.

ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಗಾಲಿ ಉರುಳಲು ಬೇಕಾದ ಬಲ ತೂಕದ ನೂರರಲ್ಲಿ ಒಂದು ಪಾಲು, ಅಂದರೆ 15 ನ್ಯೂಟನ್. ಎದುರು ಗಾಳಿಗೆ ಇನ್ನೊಂದು 10 ಇರಲಿ. ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್. 25ನ್ನು 5ರಿಂದ ಗುಣಿಸಿದರೆ 125 ವ್ಯಾಟ್. ಮೋಟರಿಗೆ ಇದು ಲೀಲಾಜಾಲ.

ಈಗ ಏರು ಬಂತು ಅನ್ನಿ. 20 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರುವ ರಸ್ತೆ. ತೂಕದ ಇಪ್ಪತ್ತರಲ್ಲಿ ಒಂದು ಪಾಲು, 75 ನ್ಯೂಟನ್, ನಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಉರುಳುವ 15 ಸೇರಿಸಿ 90. ಅದೇ ವೇಗದಲ್ಲಿ ಹೋಗಬೇಕಾದರೆ 450 ವ್ಯಾಟ್ ಬೇಕು! ಸೈಕಲ್ಲಿನ ಮೋಟರ್ ಇರೋದೇ ಸುಮಾರು 250 ವ್ಯಾಟ್. ಹಾಗಾದರೆ ಎಂತ ಮಾಡೂದು? ವೇಗ ಅರ್ಧ ಇಳಿಸಿ, ಗಂಟೆಗೆ 9 ಕಿ.ಮೀ. ಮಾಡಿದರೆ 225 ವ್ಯಾಟ್ ಸಾಕು. ಜೊತೆಗೆ ನಾವೂ ಪೆಡಲ್ ತುಳಿದರೆ ಆರಾಮ. ತುಳಿಯದೆ ಮೋಟರನ್ನೇ ನಂಬಿ ಉದ್ದ ಏರು ಹತ್ತಿಸಿದರೆ ಅದು ಬಿಸಿಯಾಗಿ ಕೆಡುತ್ತದೆ.

ಇಲ್ಲಿ ಒಂದು ಸ್ವಾರಸ್ಯ ಗಮನಿಸಿ. 'ಏರಿದ್ದರೆ ಚಾರ್ಜ್ ಪೂರಾ ಖಾಲಿ' ಅಂತ ಹೇಳುವವರಿದ್ದಾರೆ. 36 ವೋಲ್ಟ್, 10 ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ 360 ವ್ಯಾಟ್ ಗಂಟೆ ಇರುತ್ತದೆ. ಜೌಲಿನಲ್ಲಿ ಹೇಳಿದರೆ 12,96,000. ಇಡೀ 150 ಕಿಲೋವನ್ನು 10 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ್ದು ಬರೀ 15,000 ಜೌಲ್! ಸೋರಿಕೆ ಸೇರಿಸಿದರೂ ನೂರರಲ್ಲಿ ಎರಡು ಪಾಲು. ಅಂದರೆ ಏರಿಗೆ ಬೇಕಾದ್ದು ಹೆಚ್ಚು ಶಕ್ತಿಯಲ್ಲ, ಹೆಚ್ಚು ಸಾಮರ್ಥ್ಯ. ಪಾಠದಲ್ಲಿ ಈ ಎರಡು ಶಬ್ದ ಬೇರೆ ಬೇರೆ ಯಾಕೆ ಅಂತ ಕೇಳುವವರಿಗೆ ಇದೇ ಉತ್ತರ.

ಏರು, ಗಾಳಿ, ಹೊಂಡ, ನಿಂತು ನಿಂತು ಹೊರಡುವುದು ಎಲ್ಲ ಸೇರಿ ಕಿಲೋಮೀಟರಿಗೆ 15 ವ್ಯಾಟ್ ಗಂಟೆ ಹಿಡಿದರೂ 24 ಕಿ.ಮೀ. ಆಯಿತು. ಬ್ಯಾಟರಿಯನ್ನು ತಳ ಕಾಣುವವರೆಗೆ ಖಾಲಿ ಮಾಡಬಾರದು, ಆದ್ದರಿಂದ 20 ಅನ್ನೋಣ. ಹೆದ್ದಾರಿಯಿಂದ ಮುರ್ಡೇಶ್ವರದ ಕಡಲ ದಂಡೆಗೆ ಸುಮಾರು 2 ಕಿ.ಮೀ. ಊರೊಳಗಿನ ಓಡಾಟಕ್ಕೆ ಬೇಕಾದಷ್ಟಾಯಿತು.

ಕ್ಯಾರಿಯರ್ ಸಾಲದಾ?

ಹತ್ತು ಕಿಲೋಗೆ ಸಾಕು. ಐವತ್ತು ಕಿಲೋ ಚೀಲವನ್ನು ಕ್ಯಾರಿಯರ್ ಮೇಲಿಟ್ಟರೆ ಭಾರ ಎತ್ತರದಲ್ಲಿ ಕೂತು, ಸೈಕಲ್ಲು ಓಲಾಡುತ್ತದೆ, ಹಿಂದಿನ ಗಾಲಿಯ ಕಡ್ಡಿ ಮುರಿಯುತ್ತದೆ. ಟ್ರೇಲರಿನಲ್ಲಿ ಭಾರ ನೆಲದ ಹತ್ತಿರ ಇರುತ್ತದೆ, ಅದನ್ನು ಹೊರುವುದಕ್ಕೆ ಬೇರೆಯೇ ಎರಡು ಗಾಲಿ ಇರುತ್ತವೆ. ಕೆಲಸ ಮುಗಿದ ಮೇಲೆ ಬಿಚ್ಚಿ ಗೋಡೆಗೆ ಒರಗಿಸಿದರಾಯಿತು. ಮೀನಿನ ವ್ಯಾಪಾರಕ್ಕೆ ಇನ್ನೊಂದು ಲಾಭವಿದೆ. ಬುಟ್ಟಿಯಿಂದ ತೊಟ್ಟಿಕ್ಕುವ ಉಪ್ಪುನೀರು ಬ್ಯಾಟರಿ, ವಯರಿನ ಮೇಲೆ ಬೀಳದೆ ಹಿಂದೆಯೇ ನೆಲಕ್ಕೆ ಬೀಳುತ್ತದೆ.

ಟ್ರೇಲರ್ ಕಟ್ಟುವಾಗ ನೆನಪಿಡಬೇಕಾದ ಮಾತುಗಳು:

1. ಕೊಂಡಿಯನ್ನು ಹಿಂದಿನ ಗಾಲಿಯ ಅಚ್ಚಿನ ಹತ್ತಿರ, ತಗ್ಗಿನಲ್ಲಿ ಹಾಕಿಸಬೇಕು. ಅದು ಎಡಬಲಕ್ಕೂ, ಮೇಲೆ ಕೆಳಕ್ಕೂ ತಿರುಗುವಂತಿರಬೇಕು. ಇಲ್ಲದಿದ್ದರೆ ಹೊಂಡಕ್ಕೆ ಬಿದ್ದಾಗ ಕೊಂಡಿ ಮುರಿಯುತ್ತದೆ.

2. ಕೊಂಡಿಯ ಜೊತೆಗೆ ಒಂದು ಗಟ್ಟಿ ಹಗ್ಗವನ್ನೋ ಸರಪಳಿಯನ್ನೋ ಕಟ್ಟಿರಬೇಕು. ಕೊಂಡಿ ಕಳಚಿದರೂ ಗಾಡಿ ರಸ್ತೆಯಲ್ಲಿ ತನ್ನಷ್ಟಕ್ಕೆ ಓಡಬಾರದು.

3. ಭಾರವಾದ ಸಾಮಾನು ಟ್ರೇಲರಿನ ಗಾಲಿಯ ನೇರಕ್ಕೆ, ಚೂರು ಮುಂದೆ ಇರಲಿ. 50 ಕಿಲೋ ಹೇರಿದರೆ ಕೊಂಡಿಯ ಮೇಲೆ ಸುಮಾರು 5 ಕಿಲೋ ಕೂರಬೇಕು. ಭಾರ ಹಿಂದಾದರೆ ಕೊಂಡಿ ಮೇಲೆದ್ದು ಸೈಕಲ್ಲಿನ ಹಿಂಗಾಲಿಯ ಹಿಡಿತ ತಪ್ಪುತ್ತದೆ, ಟ್ರೇಲರ್ ನಾಯಿಯ ಬಾಲದ ಹಾಗೆ ಅತ್ತಿತ್ತ ಬಡಿಯುತ್ತದೆ.

4. ತಿರುವಿನಲ್ಲಿ ಅಗಲವಾಗಿ ತಿರುಗಿಸಬೇಕು. ಟ್ರೇಲರಿನ ಗಾಲಿ ಸೈಕಲ್ಲಿನ ದಾರಿ ಬಿಟ್ಟು ಒಳಗಡೆ ಕತ್ತರಿಸಿಕೊಂಡು ಬರುತ್ತದೆ. ಗಟಾರದ ಅಂಚಿನಲ್ಲಿ ಜಾಗ್ರತೆ!

5. ಹಿಂದೆ ಕೆಂಪು ಮಿಂಚುಪಟ್ಟಿ, ಕೋಲಿಗೆ ಕಟ್ಟಿದ ಬಣ್ಣದ ಬಾವುಟ ಬೇಕೇ ಬೇಕು. ಲಾರಿಯವರ ಕಣ್ಣಿಗೆ ತಗ್ಗಿನ ಗಾಡಿ ಕಾಣುವುದಿಲ್ಲ. ಹೆದ್ದಾರಿ 66ರಲ್ಲಿ ಇದನ್ನು ಓಡಿಸುವುದು ಬೇಡವೇ ಬೇಡ. ಒಳರಸ್ತೆಯೋ ಸರ್ವಿಸ್ ರಸ್ತೆಯೋ ಸಾಕು.

6. ಸಾಮಾನಿನ ಮೇಲೆ ತಮ್ಮನನ್ನೋ ತಂಗಿಯನ್ನೋ ಕೂರಿಸಬಾರದು. ಎಷ್ಟು ಹಟ ಮಾಡಿದರೂ ಸರಿ.

ಓಡಿಸುವುದಕ್ಕಿಂತ ನಿಲ್ಲಿಸುವುದು ಮುಖ್ಯ

ಮೋಟರ್ ಎಷ್ಟು ಎಳೆಯುತ್ತದೆ ಅಂತ ಎಲ್ಲರೂ ಕೇಳುತ್ತಾರೆ, ಬ್ರೇಕ್ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ಚಲನ ಶಕ್ತಿ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 15 ಕಿ.ಮೀ. ಬದಲು 25ರಲ್ಲಿ ಹೋದರೆ ಬ್ರೇಕಿಗೆ ಬೀಳುವ ಕೆಲಸ ಸುಮಾರು 2.8 ಪಟ್ಟು. ಇಳಿಜಾರಿನಲ್ಲಿ ಟ್ರೇಲರ್ ಹಿಂದಿನಿಂದ ದೂಡುವುದು ಬೇರೆ. ಮಳೆಯಲ್ಲಿ ರಿಮ್ಮು ಒದ್ದೆಯಾದರೆ ರಬ್ಬರ್ ಬ್ರೇಕು ಜಾರುತ್ತದೆ. ಹಾಗಾಗಿ ಇಳಿಜಾರು ಶುರುವಾಗುವ ಮೊದಲೇ ನಿಧಾನ ಮಾಡಬೇಕು, ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಬೇಕು. ಕಡಿದಾದ ಜಾಗದಲ್ಲಿ ಇಳಿದು ನಡೆಸಿಕೊಂಡು ಹೋಗುವುದರಲ್ಲಿ ನಾಚಿಕೆ ಏನೂ ಇಲ್ಲ.

ಮಳೆ, ಉಪ್ಪುಗಾಳಿ, ಚಾರ್ಜ್

ನಮ್ಮ ಕರಾವಳಿಗೆ ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ. ಕರೆಂಟ್ ಸೈಕಲ್ಲು ಮಳೆ ಹನಿ ತಡೆಯುತ್ತದೆ, ಆದರೆ ಗಾಲಿಯ ನಡುಮಟ್ಟಕ್ಕೆ ನಿಂತ ನೀರಲ್ಲಿ ಇಳಿಸಿದರೆ ಮೋಟರಿನೊಳಗೆ ನೀರು ಹೋಗುತ್ತದೆ. ಕಡಲ ಗಾಳಿಯ ಉಪ್ಪಿಗೆ ತಾಮ್ರದ ತುದಿಗಳು ಹಸಿರು ಹಿಡಿಯುತ್ತವೆ. ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಬೇಕು. ಕೊಡಪಾನದ ನೀರು ಹೊಯ್ದು ತೊಳೆಯಬಾರದು.

ಚಾರ್ಜ್ ಮಾಡುವುದು ಹಗಲಲ್ಲಿ, ಮನೆಯವರು ಎಚ್ಚರ ಇರುವಾಗ. ಸಿಮೆಂಟ್ ನೆಲದ ಮೇಲೆ ಇಡಬೇಕು. ಹಾಸಿಗೆ, ಹುಲ್ಲು ಗೊಣಬೆ, ಒಲೆಯ ಹತ್ತಿರ, ಹೊರಗೋಡುವ ಬಾಗಿಲಿಗೆ ಅಡ್ಡ ಇಡಬಾರದು. ಓಡಿಸಿ ಬಂದ ಕೂಡಲೇ ಹಾಕದೆ ಬ್ಯಾಟರಿ ತಣಿಯಲು ಬಿಡಬೇಕು. ಅದರ ಜೊತೆ ಬಂದ ಚಾರ್ಜರನ್ನೇ ಬಳಸಬೇಕು. ಬ್ಯಾಟರಿ ಉಬ್ಬಿದರೆ, ವಾಸನೆ ಬಂದರೆ ಮತ್ತೆ ಚಾರ್ಜಿಗೆ ಹಾಕಲೇಬಾರದು. ಲಿಥಿಯಂ ಬೆಂಕಿ ಹೊತ್ತಿದರೆ ಆರಿಸುವುದು ಬಲು ಕಷ್ಟ.

ದುಡ್ಡಿನ ಲೆಕ್ಕ

ಒಮ್ಮೆ ಚಾರ್ಜ್ ಮಾಡಲು ಸೋರಿಕೆ ಸೇರಿ 0.43 ಯೂನಿಟ್ ಬೇಕು ಅನ್ನೋಣ. ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 3 ರೂಪಾಯಿ. ಸ್ಕೂಟರ್ ಲೀಟರಿಗೆ 45 ಕಿ.ಮೀ. ಓಡುತ್ತದೆ, ಪೆಟ್ರೋಲಿಗೆ 100 ರೂಪಾಯಿ ಅಂತ ಇಟ್ಟುಕೊಂಡರೆ ಅದೇ 20 ಕಿ.ಮೀ.ಗೆ 44 ರೂಪಾಯಿ. 'ಬರೀ ಮೂರು ರೂಪಾಯಿ!' ಅಂತ ಅಂಗಡಿಯವರು ಹೇಳುವುದು ಇದನ್ನೇ.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಬ್ಯಾಟರಿಗೂ ಆಯುಷ್ಯ ಇದೆ. ಅದು 12,000 ರೂಪಾಯಿಯದು, 500 ಸಲ ಚಾರ್ಜ್ ತಾಳುತ್ತದೆ ಅಂತ ಭಾವಿಸಿ. 20 ಕಿ.ಮೀ.ಯಂತೆ ಒಟ್ಟು 10,000 ಕಿ.ಮೀ. ಕಿಲೋಮೀಟರಿಗೆ 1 ರೂ. 20 ಪೈಸೆ, 20 ಕಿ.ಮೀ.ಗೆ 24 ರೂಪಾಯಿ. ಕರೆಂಟಿನ 3 ಸೇರಿಸಿ 27. ಸತ್ಯವಾದ ಖರ್ಚು ಇದು. ಪೆಟ್ರೋಲಿಗಿಂತ ಕಡಿಮೆಯೇ, ಆದರೆ ಪುಕ್ಕಟೆ ಅಲ್ಲ. ಬ್ಯಾಟರಿಯನ್ನು ಜೋಪಾನ ಮಾಡಿದವರಿಗೆ ಲಾಭ, ಹಾಳು ಮಾಡಿದವರಿಗೆ ನಷ್ಟ. ವಾರಕ್ಕೆ ಎರಡು ಸಲ ಮಾತ್ರ ಸಾಮಾನು ತರುವ ಮನೆಗೆ ಇದಕ್ಕಿಂತ ರಿಕ್ಷಾವೇ ಅಗ್ಗ. ನಾಲ್ಕೈದು ಮನೆ ಸೇರಿ ಒಂದು ಟ್ರೇಲರ್ ಇಟ್ಟುಕೊಂಡರೆ, ಸ್ವಸಹಾಯ ಸಂಘದವರು ಮನಸ್ಸು ಮಾಡಿದರೆ ಲೆಕ್ಕ ಕೂಡಿಬರುತ್ತದೆ.

ಕರೆಂಟ್ ಎಲ್ಲಿಂದ ಬರುತ್ತದೆ ಅನ್ನೋದೂ ನೆನಪಿರಲಿ. ಶರಾವತಿಯ ನೀರು ಲಿಂಗನಮಕ್ಕಿಯಲ್ಲಿ ನಿಂತು, ಜೋಗದ ಬಳಿ ವಿದ್ಯುತ್ ಕೊಟ್ಟು, ಗೇರುಸೊಪ್ಪೆಯಲ್ಲಿ ಇನ್ನೊಮ್ಮೆ 60 ಮೆಗಾವ್ಯಾಟಿನ ನಾಲ್ಕು ಯಂತ್ರ ತಿರುಗಿಸಿ, ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಕೈಗಾದ ಅಣು ವಿದ್ಯುತ್ತೂ, ರಾಯಚೂರಿನ ಕಲ್ಲಿದ್ದಲ ವಿದ್ಯುತ್ತೂ ಅದೇ ತಂತಿಯಲ್ಲಿ ಬೆರೆಯುತ್ತವೆ. ಆ ಅಣೆಕಟ್ಟಿಗಾಗಿ ಊರು ಕಳೆದುಕೊಂಡವರಿದ್ದಾರೆ. ಹೊಗೆ ಕಾಣುವುದಿಲ್ಲ ಅಂತ ಪೋಲು ಮಾಡುವ ಹಾಗಿಲ್ಲ.

ಕಾನೂನು ಏನು ಹೇಳುತ್ತದೆ?

ಮೋಟರ್ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದೆ ಇದ್ದು, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದಿದ್ದರೆ ಅದು ಮೋಟಾರು ವಾಹನ ಅಲ್ಲ. ಲೈಸೆನ್ಸ್, ನಂಬರ್ ಪ್ಲೇಟ್ ಬೇಡ. ಲೈಸೆನ್ಸ್ ಇಲ್ಲದ ನಮ್ಮ ಅಮ್ಮ, ಅತ್ತೆ, ಚಿಕ್ಕಮ್ಮಂದಿರಿಗೆ ಇದೇ ದೊಡ್ಡ ಅನುಕೂಲ. ಹೆಲ್ಮೆಟ್ ಮಾತ್ರ ಹಾಕಿಕೊಳ್ಳುವುದೇ ಕ್ಷೇಮ.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತ್ತು. ಅಕ್ಕಂದಿರ ಆ ಸೈಕಲ್ಲುಗಳು ಎಷ್ಟೋ ಮನೆಯ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ನಿಂತಿವೆ. ಅದಕ್ಕೇ ಮೋಟರ್ ಕೂರಿಸಬಹುದಲ್ಲ ಅಂತ ಹುಡುಗರಿಗೆ ಆಸೆ. ಹಳೇ ಚೌಕಟ್ಟಿನ ಬೆಸುಗೆ, ಬ್ರೇಕು ಆ ಭಾರಕ್ಕೆ ಮಾಡಿದ್ದಲ್ಲ. ಎಲ್ಲಿಂದಲೋ ತಂದ 500 ವ್ಯಾಟ್ ಮೋಟರ್ ಹಾಕಿದರೆ ಕಾನೂನಿನ ಕಣ್ಣಲ್ಲಿ ಅದು ಸೈಕಲ್ಲೇ ಅಲ್ಲ. ಆದರೆ ಆ ಹಳೇ ಸೈಕಲ್ಲುಗಳ ಗಾಲಿಗಳು ಗಟ್ಟಿ ಇದ್ದರೆ ಟ್ರೇಲರಿಗೆ ಚೆನ್ನಾಗಿ ಒದಗುತ್ತವೆ. ಮೋಟರ್ ಇಲ್ಲದೆ, ಕಾಲಲ್ಲಿ ತುಳಿದೇ 20 ಕಿಲೋ ಎಳೆಯಬಹುದು. ಮೊದಲು ಅದನ್ನು ಮಾಡಿ ನೋಡೋಣ. ಬೇಕೆನಿಸಿದರೆ ಆಮೇಲೆ ಕರೆಂಟಿನ ಮಾತು.

ಕೊನೆಯದಾಗಿ ಒಂದು ಕೆಲಸ. ಈ ವಾರ ನಿಮ್ಮ ಮನೆಗೆ ಬಂದ ಸಾಮಾನಿನ ತೂಕ, ತಂದ ದೂರ, ಯಾರು ತಂದರು, ಹೇಗೆ ತಂದರು, ಖರ್ಚೆಷ್ಟು ಎಂದು ಐದು ಅಂಕಣ ಎಳೆದು ಬರೆಯಿರಿ. ಬರೆದ ಹಾಳೆಯನ್ನು ಇದರ ಕೆಳಗೆ ಅಂಟಿಸಿ. 'ಯಾರು ತಂದರು' ಎಂಬ ಅಂಕಣದಲ್ಲಿ ಯಾರ ಹೆಸರು ಹೆಚ್ಚು ಸಲ ಬರುತ್ತದೆ ಅಂತ ಎಲ್ಲರೂ ನಿಂತು ಓದೋಣ. ಗಾಡಿ ಕೊಳ್ಳುವುದು ದುಡ್ಡಿದ್ದಾಗ ಆಗುತ್ತದೆ. ಆ ಹೆಸರಿನವರ ಕೈಯಿಂದ ಒಂದು ಚೀಲ ಇಸಿದುಕೊಳ್ಳುವುದಕ್ಕೆ ಇವತ್ತು ಸಂಜೆಯೇ ಆಗುತ್ತದೆ.