ನಡುವನ್ನು ಹುಡುಕುವ ಕೋಲುಗಳು

ಕೋಣೆಯ ದೀಪ ಆರಿದೆ. ಸೂಕ್ಷ್ಮದರ್ಶಕದ ಪರದೆಯ ಮೇಲೆ ಒಂದೇ ಒಂದು ಯೀಸ್ಟ್ ಕೋಶ: ಉದ್ದನೆಯ ದೇಹ, ದುಂಡನೆಯ ಎರಡು ತುದಿ. ಪೂರ್ತಿ ಬೆಳೆದಾಗ ಇದರ ಉದ್ದ ಸುಮಾರು 14 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಇಂಥ ಎಪ್ಪತ್ತನ್ನು ಸಾಲಾಗಿ ಮಲಗಿಸಬಹುದು. ಬ್ರೆಡ್ಡಿನ ಯೀಸ್ಟಿನ ಹಾಗೆ ಇದು ಮೊಗ್ಗು ಬಿಡುವುದಿಲ್ಲ, ಸರಿಯಾಗಿ ನಡುವಿನಲ್ಲೇ ಸೀಳಿ ಎರಡಾಗುತ್ತದೆ. ಹೆಸರು ಸ್ಕೈಜೊಸ್ಯಾಕರೊಮೈಸಿಸ್ ಪೊಂಬೆ. ಪೂರ್ವ ಆಫ್ರಿಕಾದ ಕಿರುಧಾನ್ಯದ ಬಿಯರಿನಲ್ಲಿ ಸಿಕ್ಕ ಇದನ್ನು ಪೌಲ್ ಲಿಂಡ್ನರ್ 1893ರಲ್ಲಿ ವಿವರಿಸಿದರು.

ಇದರ ಒಳಹಂದರ ಕಟ್ಟುವ ಟ್ಯೂಬುಲಿನ್ ಪ್ರೋಟೀನ್‌ಗೆ ಹೊಳೆಯುವ ಹಸಿರು ಪ್ರೋಟೀನನ್ನು ಬೆಸೆದಿದ್ದಾರೆ. ಹಾಗಾಗಿ ಒಳಗಿನ ಹಂದರ ಮಾತ್ರ ಬೆಳಗುತ್ತಿದೆ: ಕೋಶದ ಉದ್ದಕ್ಕೂ ಹಾಸಿದ ಮೂರೋ ನಾಲ್ಕೋ ಗೆರೆಗಳು. ಪ್ರತಿ ಗೆರೆಯೂ 25 ನ್ಯಾನೊಮೀಟರ್ ದಪ್ಪದ, ಮೈಕ್ರೊಟ್ಯೂಬ್ಯೂಲ್ ಎಂಬ ಕೊಳವೆ‌ಗಳ ಒಂದು ಕಟ್ಟು.

ಮೊದಲು ನಡುವನ್ನು ನೋಡೋಣ. ಕೋಶಕೇಂದ್ರದ ಪಕ್ಕದಲ್ಲಿ ಪ್ರತಿ ಗೆರೆಯೂ ತುಸು ಹೆಚ್ಚು ಪ್ರಖರವಾಗಿದೆ. ಎದುರುಬದುರು ದಿಕ್ಕಿನ ಕೊಳವೆಗಳ ಬುಡಗಳು ಅಲ್ಲಿ ಒಂದರ ಮೇಲೊಂದು ಕೂಡಿವೆ. ನಮ್ಮ ದೇಹದ ಎಷ್ಟೋ ಕೋಶಗಳಲ್ಲಿ ಕೊಳವೆ ಹುಟ್ಟಿಸುವ ಕೆಲಸಕ್ಕೆ ಸೆಂಟ್ರೊಸೋಮ್ ಎಂಬ ಒಂದೇ ಠಾಣೆ ಇರುತ್ತದೆ. ಇಲ್ಲಿ ಹಾಗಲ್ಲ. ಗಾಮಾ-ಟ್ಯೂಬುಲಿನ್ ಕೂಟಗಳು ಕೋಶಕೇಂದ್ರದ ಪೊರೆಯ ಮೇಲೂ ಇವೆ, ಹಳೆಯ ಕೊಳವೆಗಳ ಮೈಮೇಲೂ ಇವೆ. ಎಲ್ಲಿದ್ದರೂ ಹೊಸ ಕೊಳವೆ ಹುಟ್ಟಿಸಬಲ್ಲವು. ಹುಟ್ಟಿದ್ದನ್ನು ಕ್ಲ್ಪ್2 ಎಂಬ ಮೋಟಾರು ಪ್ರೋಟೀನು ನಡುವಿಗೆ ಜಾರಿಸುತ್ತದೆ, ಆಸೆ1 ಪ್ರೋಟೀನು ಹಿಡಿದು ಕಟ್ಟಿ ನಿಲ್ಲಿಸುತ್ತದೆ. ಮಾರ್ಸೆಲ್ ಯಾನ್ಸನ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ತೋರಿಸಿದರು. ಮೇಸ್ತ್ರಿಯೇ ಇಲ್ಲದೆ ಇಷ್ಟು ಅಚ್ಚುಕಟ್ಟು!

ಈಗ ತುದಿಯತ್ತ. ನಾನು ಅತಿ ಹೆಚ್ಚು ಹೊತ್ತು ಕಣ್ಣು ನೆಟ್ಟದ್ದು ಇಲ್ಲೇ. ಗೆರೆ ನಿಧಾನವಾಗಿ ಉದ್ದವಾಗುತ್ತದೆ, ಕೋಶದ ಕೊನೆಯ ಗೋಡೆಗೆ ತಾಕುತ್ತದೆ, ಒಂದಷ್ಟು ಹೊತ್ತು ಒತ್ತಿ ನಿಲ್ಲುತ್ತದೆ, ಆಮೇಲೆ ಸರ್ರನೆ ಕುಸಿದು ಹಿಂದಕ್ಕೆ ಬರುತ್ತದೆ. ಮತ್ತೆ ಬೆಳೆಯುತ್ತದೆ. ಒತ್ತಿ ನಿಂತ ಆ ಹೊತ್ತಿನಲ್ಲಿ, ಅಂಬಿಗ ಜಲ್ಲೆಯನ್ನು ದಡಕ್ಕೆ ಊರಿ ದೋಣಿಯನ್ನು ದೂಡುವಂತೆ, ಕೊಳವೆ ಕೋಶಕೇಂದ್ರವನ್ನು ಹಿಂದಕ್ಕೆ ತಳ್ಳುತ್ತದೆ. ಆಚೆ ತುದಿಯಿಂದಲೂ ಇದೇ ತಳ್ಳಾಟ. ಎರಡರ ನಡುವೆ ಕೋಶಕೇಂದ್ರ ತುಸು ಆಚೀಚೆ ತೂಗುತ್ತ ಮಧ್ಯದಲ್ಲೇ ಉಳಿಯುತ್ತದೆ. ಫಾಂಗ್ ಟ್ರಾನ್, ಫ್ರೆಡ್ ಚಾಂಗ್ ಮೊದಲಾದವರು 2001ರಲ್ಲಿ ಈ ತೂಗಾಟವನ್ನು ಅಳೆದರು. ಕೊಳವೆಗಳು ಕುಸಿಯದೆ ಗಟ್ಟಿಯಾಗಿ ನಿಂತುಬಿಟ್ಟಿದ್ದರೆ ಬೆಳೆಯುತ್ತಲೇ ಇರುವ ಕೋಶದ ನಡುವನ್ನು ಹೀಗೆ ಮತ್ತೆ ಮತ್ತೆ ಹುಡುಕಲಾಗುತ್ತಿರಲಿಲ್ಲ.

ತುದಿಗೆ ಬರುವ ಕೊಳವೆ ಬರಿಗೈಯಲ್ಲಿ ಬರುವುದಿಲ್ಲ. ಟೀ1 ಪ್ರೋಟೀನನ್ನು ತಂದಿಳಿಸುತ್ತದೆ. ಎಲ್ಲಿ ಬೆಳೆಯಬೇಕೆಂಬ ಗುರುತು ಅದು. ಹುವಾನ್ ಮಾತಾ ಮತ್ತು ಪಾಲ್ ನರ್ಸ್ 1997ರಲ್ಲಿ ವಿವರಿಸಿದಂತೆ, ಟೀ1 ಇಲ್ಲದ ಕೋಶ ಬಾಗುತ್ತದೆ, ಕೆಲವೊಮ್ಮೆ ಪಕ್ಕಕ್ಕೆ ಕವಲೊಡೆಯುತ್ತದೆ. ಮೈಟೊಕಾಂಡ್ರಿಯಗಳಿಗೂ ಈ ಕಟ್ಟುಗಳೇ ಆಸರೆ. ಅಂಟಿಕೊಂಡಿರುವಷ್ಟು ಹೊತ್ತು ಅವು ತುಂಡಾಗುವುದು ತಪ್ಪುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈಷ್ಣವಿ ಅನಂತನಾರಾಯಣನ್ ತಂಡ 2019ರಲ್ಲಿ ವರದಿ ಮಾಡಿತು.

ವಿಭಜನೆ ಶುರುವಾದಾಗ ಈ ಗೆರೆಗಳೆಲ್ಲ ಕರಗುತ್ತವೆ. ಕೋಶಕೇಂದ್ರದ ಪೊರೆ ಒಡೆಯದೆಯೇ ಅದರೊಳಗೆ ಕೊಳವೆಗಳ ಕದಿರು ಕಟ್ಟಿಕೊಳ್ಳುತ್ತದೆ. ಸೀಳುವ ಜಾಗವನ್ನು ಗುರುತಿಸುವುದು ಕೋಶಕೇಂದ್ರದಿಂದ ಹೊರಬರುವ ಮಿಡ್1 ಪ್ರೋಟೀನು. ಆದ್ದರಿಂದಲೇ ಅಷ್ಟು ತಳ್ಳಾಟ. ನಮ್ಮ ರೈತರು ಬೀಜೋಪಚಾರಕ್ಕೆ ಬಳಸುವ ಕಾರ್ಬೆಂಡಜಿಮ್ ಇಲ್ಲಿನ ಕೊಳವೆಗಳನ್ನು ಕರಗಿಸುತ್ತದೆ. ಕೋಶಕೇಂದ್ರವನ್ನು ಸೆಂಟ್ರಿಫ್ಯೂಜ್‌ನಲ್ಲಿ ಒಂದು ಬದಿಗೆ ಸರಿಸಿದರೆ ಕೊಳವೆಗಳು ಅದನ್ನು ನಡುವಿಗೆ ತಂದು ಕೂರಿಸುತ್ತವೆ; ಕಾರ್ಬೆಂಡಜಿಮ್ ಹಾಕಿ ಕೊಳವೆಗಳನ್ನು ಇಲ್ಲವಾಗಿಸಿದರೆ ಕೋಶಕೇಂದ್ರ ಬದಿಯಲ್ಲೇ ಉಳಿದು, ಒಂದು ಮರಿಕೋಶ ದೊಡ್ಡದು, ಇನ್ನೊಂದು ಚಿಕ್ಕದು ಆಗುತ್ತದೆ.