ಮಹಾಮನೆಯ ಅಂಗಳವೂ ಉಳ್ಳಾರ್ತಿ ಕಾವಲೂ

ಕಾಯಕತತ್ತ್ವವನ್ನು ವಿವೇಚಿಸುವಾಗ ಕಾಯಕಜೀವಿಯ ನಿಷ್ಠೆಯನ್ನೇ ಮುಂದಿಟ್ಟು ಮಾತನಾಡುವುದು ವಾಡಿಕೆ. ಆ ಕಾಯಕ ನಡೆಯಲು ಬೇಕಾದ ನೆಲೆಯನ್ನು ಕುರಿತು ವಿಚಾರ ಮಾಡುವವರು ವಿರಳ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದವರಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಮಾರಯ್ಯನು ದಾಸೋಹ ನಡೆಸುತ್ತಿದ್ದನು. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ಈ ಕಥೆಯಲ್ಲಿ ನಾವು ಲಕ್ಕಮ್ಮನ ನಿರ್ಲೋಭವನ್ನು ಕೊಂಡಾಡುತ್ತೇವೆ; ಅದು ಯುಕ್ತವೇ. ಆದರೆ ಮಾರಯ್ಯನಿಗೆ ಸ್ವಂತ ಹೊಲವಿರಲಿಲ್ಲ. ಇದ್ದುದು ಎಲ್ಲರಿಗೂ ತೆರೆದ ಒಂದು ಅಂಗಳ. ಆ ಅಂಗಳಕ್ಕೆ ಬಾಗಿಲು ಹಾಕಿದ್ದರೆ ಅವನ ಕಾಯಕವೆಲ್ಲಿ, ದಾಸೋಹವೆಲ್ಲಿ?

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಅಂತಹ ಅಂಗಳವೊಂದಿತ್ತು. ಅದೇ ಉಳ್ಳಾರ್ತಿ, ಕುದಾಪುರ, ವರವು ಎಂಬ ಅಮೃತಮಹಲ್ ಕಾವಲುಗಳ ಹುಲ್ಲುಗಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎನಿಸಿತು. ಅರಸರ ರಾಸುಗಳಿಗೆಂದು ಕಾದಿರಿಸಿದ ಇಂತಹ ನೆಲಗಳು ಕಾಲಕ್ರಮದಲ್ಲಿ ಸುತ್ತಲ ಹಳ್ಳಿಗಳಿಗೂ ಆಸರೆಯಾದವು. ಮಳೆ ತೀರ ಕಡಿಮೆಯಾದ ಈ ನಾಡಿನಲ್ಲಿ ಬೆಳೆ ಕೈಕೊಟ್ಟರೂ ಕುರಿ ಕೈಹಿಡಿಯುತ್ತದೆ. ಕುರಿಗಾಹಿಗಳಿಗೆ ಮೇವು, ಮ್ಯಾಸಬೇಡರ ದೇವರ ಎತ್ತುಗಳಿಗೂ ಅವನ್ನು ಕಾಯುವ ಕಿಲಾರಿಗಳಿಗೂ ನೆಲೆ, ಕುರುಬರ ಮಗ್ಗಕ್ಕೆ ಉಣ್ಣೆ ಇವೆಲ್ಲ ಬಯಲಿನಿಂದ ಬಂದವು. ಉಣ್ಣೆಯನ್ನು ನೂಲುವವರು ಬಹುಮಟ್ಟಿಗೆ ಹೆಂಗಸರು. ಆದುದರಿಂದ ಒಂದು ಕಂಬಳಿಯ ಹಿಂದೆ ಕುರಿ ಕಾಯುವವನ, ನೂಲುವವಳ, ನೇಯುವವನ ಮೂರು ಕಾಯಕಗಳಿವೆ. ಮೂರಕ್ಕೂ ಮೂಲ ಹುಲ್ಲು.

2008ರಿಂದ 2010ರ ಅವಧಿಯಲ್ಲಿ ಈ ಕಾವಲುಗಳ ಎಂಟು ಸಾವಿರ ಎಕರೆಗೂ ಮಿಗಿಲಾದ ನೆಲವನ್ನು ರಾಜ್ಯ ಸರ್ಕಾರವು ಕೇಂದ್ರದ ಸಂಸ್ಥೆಗಳಿಗೆ ಕೊಟ್ಟಿತು. ಉಳ್ಳಾರ್ತಿ ಕಾವಲಿನ 1,810 ಎಕರೆ ಭಾಭಾ ಅಣುಶಕ್ತಿ ಸಂಶೋಧನ ಕೇಂದ್ರಕ್ಕೆ, ಕುದಾಪುರದ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ, 4,290 ಎಕರೆ ರಕ್ಷಣಾ ಸಂಶೋಧನ ಸಂಸ್ಥೆಗೆ ಸಂದವು. ಗೋಡೆಗಳೆದ್ದವು, ಹಳ್ಳಿಗರು ಪ್ರತಿಭಟಿಸಿದರು. ವಿಷಯವು ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೆ ಹೋಗಿ 2014ರಲ್ಲಿ ತೀರ್ಪು ಬಂದಿತು, ಯೋಜನೆಗಳು ಮುಂದುವರಿದವು. 2017ರಲ್ಲಿ ಇಲ್ಲಿ ವೈಮಾನಿಕ ಪರೀಕ್ಷಾ ವಲಯವು ಉದ್ಘಾಟನೆಗೊಂಡಿತು.

ಇಲ್ಲಿ ರಾಜನೀತಿಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪಹಣಿಯಲ್ಲಿ ಹೆಸರುಳ್ಳವನ ಜಮೀನನ್ನು ಸರ್ಕಾರ ಪಡೆದುಕೊಂಡರೆ ಪರಿಹಾರ ಕೊಡಬೇಕೆಂಬ ಕಾಯಿದೆಯಿದೆ. ಕಾವಲಿನ ಪಹಣಿಯಲ್ಲಿರುವುದು ಸರ್ಕಾರದ ಹೆಸರೇ. ಆದುದರಿಂದ ಕಡತದ ಪಾಲಿಗೆ ಅಲ್ಲಿ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ. ಸರ್ಕಾರದ ಒಂದು ಕೈಯಿಂದ ಇನ್ನೊಂದು ಕೈಗೆ ನೆಲ ಹೋಯಿತು, ಅಷ್ಟೆ. ಕುರಿಗೆ ಪಹಣಿಯಿಲ್ಲ, ನೂಲುವ ಕೈಗೂ ಇಲ್ಲ. ಉಳ್ಳವನ ನಷ್ಟವು ಲೆಕ್ಕಕ್ಕೆ ಬಂದು ಇಲ್ಲದವನ ನಷ್ಟವು ಲೆಕ್ಕಕ್ಕೇ ಬಾರದೆ ಹೋಗುವುದು ಹೀಗೆ. ಅಸಮಾನತೆಯು ಯಾರದೋ ದುರುದ್ದೇಶದಿಂದಲೇ ಹುಟ್ಟಬೇಕೆಂದಿಲ್ಲ; ಲೆಕ್ಕ ಬರೆಯುವ ಕ್ರಮದಿಂದಲೂ ಹುಟ್ಟುತ್ತದೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಮೇಯಿಸುವ ಹಕ್ಕನ್ನು ಹೆಸರಿಸಿ ಮನ್ನಿಸಿದೆ. ಊರೊಟ್ಟಿನ ನೆಲಗಳನ್ನು ಕಾಪಾಡಬೇಕೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ರಾಜ್ಯಗಳಿಗೆ ಆದೇಶಿಸಿತು. ಅರಿವು ಇಲ್ಲದಿಲ್ಲ, ಅದು ಆಚಾರಕ್ಕೆ ಇಳಿಯಬೇಕಾಗಿದೆ.

ದೇಶಕ್ಕೆ ರಕ್ಷಣೆ ಬೇಡವೆ, ವಿಜ್ಞಾನ ಬೇಡವೆ ಎಂದು ಕೆಲವರು ಕೇಳಬಹುದು. ನಿಶ್ಚಯವಾಗಿಯೂ ಬೇಕು. 2023ರಲ್ಲಿ ಇಸ್ರೋದ ಮರುಬಳಕೆಯ ಉಡಾವಣಾ ವಾಹನವು ಇದೇ ನೆಲದ ಮೇಲೆ ಇಳಿದಾಗ ಸಂತೋಷಪಡದವರಾರು? ವಿಜ್ಞಾನ ಸಂಸ್ಥೆಯು ಕುದಾಪುರದಲ್ಲಿ ಶಾಲಾ ಉಪಾಧ್ಯಾಯರಿಗೆ ಕೊಡುತ್ತ ಬಂದಿರುವ ತರಬೇತಿಯು, ಜೀವಮಾನವೆಲ್ಲ ಪಾಠ ಹೇಳಿದ ನನ್ನಂತಹವರಿಗೆ ಬೆಲೆಯುಳ್ಳದ್ದೇ. ಆದರೆ ಅಲ್ಲಿ ತೆರೆದ ಅವಕಾಶವು ಓದಿದವರಿಗೆ; ಮುಚ್ಚಿದ ಅವಕಾಶವು ಓದದವರದು. ಮೊಮ್ಮಗನಿಗೆ ಮುಂದೆ ದೊರೆಯಬಹುದಾದ ವಿದ್ಯೆಯಿಂದ ತಾತನ ಕುರಿಗೆ ಇಂದು ಮೇವಾಗದು.

ಹಾಗಾದರೆ ಮಾಡಬೇಕಾದುದೇನು? ತುರುಗಾಹಿ ರಾಮಣ್ಣನಂತಹ ದನಗಾಹಿಯೂ ವೀರಗೊಲ್ಲಾಳನಂತಹ ಕುರಿಗಾಹಿಯೂ ವಚನಕಾರರಾದ ಪರಂಪರೆ ನಮ್ಮದು. ಕಾಯುವ ಕಾಯಕವನ್ನು ಶರಣರು ಕೀಳೆಂದು ಎಣಿಸಲಿಲ್ಲ. ನೆಲವನ್ನು ಹಂಚುವ ಮುನ್ನ ಅಂತಹ ಕಾಯಕಜೀವಿಗಳನ್ನು ಗ್ರಾಮಸಭೆಗೆ ಕರೆದು ಕೇಳುವುದು, ಪಹಣಿಯಿಲ್ಲದವರ ನಷ್ಟವನ್ನೂ ಎಣಿಸುವುದು, ಗೋಡೆಯೊಳಗೆ ಕೆಲಸಕ್ಕೆ ಬೇಡದೆ ಉಳಿದ ನೆಲವಿದ್ದರೆ ಅದರ ಹುಲ್ಲನ್ನಾದರೂ ಬರಗಾಲದಲ್ಲಿ ಹಳ್ಳಿಗಳಿಗೆ ಬಿಟ್ಟುಕೊಡುವುದು, ಇವು ಅಸಾಧ್ಯದ ಮಾತುಗಳಲ್ಲ.

ಲಕ್ಕಮ್ಮ ಹೆಚ್ಚಿನ ಅಕ್ಕಿಯನ್ನು ಮರಳಿಸೆಂದು ಹೇಳಿದ್ದು ಬಡವನಾದ ತನ್ನ ಗಂಡನಿಗೆ. ಎಷ್ಟು ಬೇಕೋ ಅಷ್ಟೇ ಎಂಬ ಆ ಅಳತೆಗೋಲನ್ನು ನಾವು ಬಡವರಿಗೆ ಬೋಧಿಸುತ್ತ ಬಂದಿದ್ದೇವೆ. ಅದೇ ಅಳತೆಗೋಲು ಆಳುವವರ ಕೈಯನ್ನೂ ಸೇರಿದಾಗ ಮಹಾಮನೆಯ ಅಂಗಳವು ಮತ್ತೆ ತೆರೆದೀತು.